ಸ್ಕ್ವಾಷ್ ಅಂಗಳದ ಹುಡುಗಿ

ಮೂವತ್ತೈದು ವರ್ಷ ನಾನು ಒಂದೇ ನೋಟ್ಸನ್ನು ಬರೆಸಿದ್ದೇನೆ. "1942ರ ಡಿಸೆಂಬರ್ 2ರಂದು ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಎನ್ರಿಕೊ ಫರ್ಮಿ ಮತ್ತು ಅವರ ಸಹೋದ್ಯೋಗಿಗಳು ಮೊಟ್ಟಮೊದಲ ಬಾರಿಗೆ ನಿಯಂತ್ರಿತ ಸರಪಳಿ ಕ್ರಿಯೆಯನ್ನು ಸಾಧಿಸಿದರು." ಐದು ಅಂಕದ ಪ್ರಶ್ನೆ. ಎರಡು ವರ್ಷಕ್ಕೊಮ್ಮೆಯಾದರೂ ಬರುತ್ತಿತ್ತು. ನಮ್ಮೂರಿನ ಹೆಣ್ಣುಮಕ್ಕಳ ಕಾಲೇಜಿನ ಮಧ್ಯಾಹ್ನದ ತರಗತಿಯಲ್ಲಿ ಅರ್ಧ ನಿದ್ದೆಗಣ್ಣಿನಲ್ಲಿದ್ದ ಅರವತ್ತು ಹುಡುಗಿಯರು ಅದನ್ನು ಬರೆದುಕೊಂಡರು, ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ಕಕ್ಕಿದರು, ಮದುವೆಯಾಗಿ ಹೋದರು.

'ಸಹೋದ್ಯೋಗಿಗಳು' ಎಂಬ ಮಾತಿನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. 'ಸಾಧಿಸಿದರು' ಎಂಬಲ್ಲಿಯೂ ಇಲ್ಲ. ಆದರೂ ಆ ಅರವತ್ತು ಹುಡುಗಿಯರ ಕಣ್ಣಿಗೆ ಕಂಡದ್ದು ಕೋಟು ತೊಟ್ಟ ಗಂಡಸರೇ. ಪಾಠ ಹೇಳುತ್ತಿದ್ದ ನನಗೂ ಅಷ್ಟೆ. ಆ ಸಹೋದ್ಯೋಗಿಗಳ ನಡುವೆ ಇಪ್ಪತ್ತಮೂರು ವರ್ಷದ ಒಬ್ಬ ವಿದ್ಯಾರ್ಥಿನಿ ಇದ್ದಳೆಂಬುದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಅದೂ ಮೊಮ್ಮಗಳಿಂದ!

2023ರಲ್ಲಿ ಮಗನ ಮನೆಗೆಂದು ಶಿಕಾಗೊಗೆ ಹೋಗಿದ್ದೆ. ಮೊಮ್ಮಗಳು ಪರಮಾಣು ಎಂಜಿನಿಯರಿಂಗ್ ಓದುತ್ತಿದ್ದಳು. ಆ ಚಳಿಗಾಲಕ್ಕೆ ತನ್ನ ವಿಶ್ವವಿದ್ಯಾನಿಲಯದ ಸಂಶೋಧನಾ ಪ್ರಯೋಗಾಲಯವೊಂದಕ್ಕೆ ವಿದ್ಯಾರ್ಥಿಯಾಗಿ ಸೇರುವವಳಿದ್ದಳು. ಕುದಿಯುವ ನೀರು ಕೊಳವೆಯೊಳಗೆ ಹರಿಯುವಾಗ ಬಿಸಿ ಹೇಗೆ ಸಾಗುತ್ತದೆ ಎಂದು ಅಳೆಯುವುದು ಅಲ್ಲಿಯ ಕೆಲಸವಂತೆ. ಸೊಸೆಗೆ ಒಳಗೊಳಗೇ ಆತಂಕ. "ಅತ್ತೆ, ನೀವು ಫಿಸಿಕ್ಸ್ ಓದಿದವರು, ನೀವೇ ಹೇಳಿ. ಕಂಪ್ಯೂಟರ್ ಓದು ಅಂದರೆ ಕೇಳಲಿಲ್ಲ. ಈ ರೇಡಿಯೇಶನ್ನು ಗೀಡಿಯೇಶನ್ನು ಹೆಣ್ಣುಮಕ್ಕಳಿಗೆ ಯಾಕೆ ಬೇಕು?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ನಾನು ಏನನ್ನೂ ಹೇಳಲಿಲ್ಲ. ಹೇಳಲು ನನ್ನಲ್ಲಿ ಎರಡು ಉತ್ತರಗಳಿದ್ದವು, ಒಂದಕ್ಕೊಂದು ಸೇರುತ್ತಿರಲಿಲ್ಲ.

ಒಂದು ಭಾನುವಾರ ಮೊಮ್ಮಗಳೇ ನನ್ನನ್ನು ಆ ಜಾಗಕ್ಕೆ ಕರೆದುಕೊಂಡು ಹೋದಳು. ಎಲ್ಲಿಸ್ ಅವೆನ್ಯೂ ಎಂಬ ಬೀದಿ. ಫುಟ್ಬಾಲ್ ಕ್ರೀಡಾಂಗಣ ಈಗಿಲ್ಲ. ಪ್ರೇಕ್ಷಕರ ಕಟ್ಟೆಗಳನ್ನು 1957ರಲ್ಲಿ ಕೆಡವಿದರಂತೆ. ಅಲ್ಲೀಗ ಗ್ರಂಥಾಲಯಗಳಿವೆ. ಬಯಲಿನಲ್ಲಿ ಹೆನ್ರಿ ಮೂರ್ ಮಾಡಿದ, ಎರಡಾಳೆತ್ತರದ ಒಂದು ಕಂಚಿನ ಶಿಲ್ಪ. 1967ರಲ್ಲಿ, ಆ ಪ್ರಯೋಗಕ್ಕೆ ಸರಿಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಅದನ್ನು ಅನಾವರಣ ಮಾಡಿದರು. ಒಂದು ಕಡೆಯಿಂದ ನೋಡಿದರೆ ತಲೆಬುರುಡೆ, ಇನ್ನೊಂದು ಕಡೆಯಿಂದ ನೋಡಿದರೆ ಬಾಂಬಿನ ಅಣಬೆ ಮೋಡ. ಗಾಳಿ ಮುಖಕ್ಕೆ ಚೂರಿಯಂತೆ ತಾಗುತ್ತಿತ್ತು. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಮಗನ ಕೋಟು ಹೊದ್ದು ನಿಂತಿದ್ದೆ.

ಮೊಮ್ಮಗಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. 1946ರ ಡಿಸೆಂಬರ್ 2ರಂದು, ನಾಲ್ಕನೆಯ ವಾರ್ಷಿಕ ದಿನಕ್ಕೆ ಹಳಬರೆಲ್ಲ ಸೇರಿ ಕಟ್ಟಡದ ಮೆಟ್ಟಿಲ ಮೇಲೆ ತೆಗೆಸಿಕೊಂಡದ್ದು. ಹದಿನೈದು ಜನ. ಮುಂದಿನ ಸಾಲಿನ ತುದಿಯಲ್ಲಿ ಫರ್ಮಿ. ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು.

"ಇವಳ್ಯಾರೇ? ಟೈಪಿಸ್ಟಾ?" ಎಂದೆ.

ಹೌದು, ಹಾಗೆಂದೆ. ಮೂವತ್ತೈದು ವರ್ಷ ಭೌತಶಾಸ್ತ್ರ ಕಲಿಸಿದವಳ ಬಾಯಿಂದ ಬಂದ ಮಾತು ಅದು.

ಆಕೆಯ ಹೆಸರು ಲಿಯೋನಾ ವುಡ್ಸ್. ಶಿಕಾಗೊ ಹತ್ತಿರದ ಲಾ ಗ್ರೇಂಜ್ ಎಂಬ ಊರಿನಲ್ಲಿ 1919ರ ಆಗಸ್ಟ್ 9ರಂದು ಹುಟ್ಟಿದವಳು, ಹೊಲಮನೆಯ ಕೆಲಸ ಕಂಡವಳು. 1938ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದಾಗ, ಶಿಕಾಗೊ ವಿಶ್ವವಿದ್ಯಾನಿಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ. ಮುಂದೆ ಸಂಶೋಧನೆ ಮಾಡಬೇಕೆಂದು ಜೇಮ್ಸ್ ಫ್ರಾಂಕ್ ಅವರ ಬಳಿಗೆ ಹೋದಳು. 1925ರ ನೊಬೆಲ್ ಬಹುಮಾನ ಪಡೆದವರು, ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ, ಸಜ್ಜನರೆಂದು ಹೆಸರಾದವರು. ಅವರು ಹೇಳಿದ ಮಾತನ್ನು ಲಿಯೋನಾ ಕೊನೆಯವರೆಗೂ ಮರೆಯಲಿಲ್ಲ: ನೀನು ಹೆಣ್ಣು, ಈ ವಿದ್ಯೆ ನಂಬಿಕೊಂಡರೆ ಹಸಿದು ಸಾಯುತ್ತೀಯೆ ಎಂದರಂತೆ. ಫ್ರಾಂಕ್ ಅವರೇ ವಿದ್ಯಾರ್ಥಿಯಾಗಿದ್ದಾಗ ಅವರ ಗುರುಗಳೊಬ್ಬರು, ನೀನು ಯಹೂದಿ, ಹಸಿದು ಸಾಯುತ್ತೀಯ ಎಂದಿದ್ದರಂತೆ. ಅತ್ತೆಯಿಂದ ಬಂದ ಒರಳನ್ನು ಸೊಸೆಗೆ ಕೊಟ್ಟ ಹಾಗೆ ಆಯಿತಲ್ಲ ಇದು! ತಾನು ಕೇಳಿ ನೊಂದ ಮಾತನ್ನೇ ಮನುಷ್ಯ ಇನ್ನೊಬ್ಬರಿಗೆ ಹಿತವಚನವೆಂದು ಯಾಕೆ ಕೊಡುತ್ತಾನೋ.

ನಮ್ಮಲ್ಲಿಯೂ ಅಷ್ಟೆ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನೊಬೆಲ್ ಪುರಸ್ಕೃತ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೇ ಬೇಡವೆಂದಿದ್ದರು. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷ ನೋಡೋಣ ಎಂದು ಷರತ್ತಿನ ಮೇಲೆ ಸೇರಿಸಿಕೊಂಡರು.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. 1972ರಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆಂದು ಒಂದು ಕಡೆ ಸಂದರ್ಶನಕ್ಕೆ ಹೋಗಿದ್ದೆ. ಮೂವರು ಕುಳಿತಿದ್ದರು. ಭೌತಶಾಸ್ತ್ರದ ಪ್ರಶ್ನೆ ಎರಡೇ ಕೇಳಿದ್ದು. ಮೂರನೆಯದು, "ಮದುವೆ ಯಾವಾಗಮ್ಮ?" ಗೊತ್ತಿಲ್ಲ ಎಂದೆ. ನಡುವೆ ಕುಳಿತಿದ್ದ ಹಿರಿಯರು ನಕ್ಕರು. "ನಿನಗೆ ಈ ಸೀಟು ಕೊಟ್ಟರೆ ಒಬ್ಬ ಹುಡುಗನ ಅನ್ನ ಕಿತ್ತ ಹಾಗೆ, ಯೋಚನೆ ಮಾಡು" ಎಂದರು. ಕೋಪದಿಂದಲ್ಲ, ಮನೆಯ ಮಗಳಿಗೆ ಹೇಳುವ ಹಾಗೆ. ಆ ಮೃದುತ್ವಕ್ಕೇ ನಾನು ಸೋತದ್ದು. ಬೈದಿದ್ದರೆ ಎದುರು ಮಾತಾಡುತ್ತಿದ್ದೆನೇನೋ. ಬಸ್ಸು ಹತ್ತಿ ಊರಿಗೆ ಬಂದೆ. ಮರುವರ್ಷ ಕಾಲೇಜಿನಲ್ಲಿ ಉಪನ್ಯಾಸಕಿಯಾದೆ, ನೋಟ್ಸು ಬರೆಸತೊಡಗಿದೆ.

ಲಿಯೋನಾ ಎದುರು ಮಾತಾಡಿದಳೋ ಇಲ್ಲವೋ, ಊರಿಗೆ ಮಾತ್ರ ಹೋಗಲಿಲ್ಲ. ಅದೇ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಮಲ್ಲಿಕೆನ್ ಅವರ ಬಳಿ ಸೇರಿದಳು. ಅಣುಗಳಿಂದ ಹೊರಡುವ ಬೆಳಕನ್ನು ಬಿಡಿಸಿ ನೋಡುವ ಕೆಲಸ. ಅದಕ್ಕೆ ಗಾಜಿನ ಕೊಳವೆಗಳಿಂದ ಗಾಳಿಯನ್ನು ಪೂರ್ತಿ ಹೊರತೆಗೆಯಬೇಕು, ಎಲ್ಲಿ ಸೋರುತ್ತಿದೆ ಎಂದು ತಾಳ್ಮೆಯಿಂದ ಹುಡುಕಿ ಮುಚ್ಚಬೇಕು. ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಸೋರಿಕೆ ಹುಡುಕುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕಣ್ಣು, ಕೈ, ತಾಳ್ಮೆ ಮೂರೂ ಬೇಕು. ಎಷ್ಟು ಆರಿಸಿದರೂ ಊಟದ ಹೊತ್ತಿಗೆ ಒಂದು ಸಿಕ್ಕೇ ಸಿಗುತ್ತದೆ.

ಆ ಕೈಗುಣವೇ ಅವಳಿಗೆ ಬಾಗಿಲು ತೆರೆಯಿತು. 1942ರಲ್ಲಿ ಫರ್ಮಿ ಮತ್ತು ಅವರ ತಂಡ ನ್ಯೂಯಾರ್ಕಿನಿಂದ ಶಿಕಾಗೊಗೆ ಬಂದಿತ್ತು. ಯುದ್ಧದ ಗುಟ್ಟಿನ ಕೆಲಸ. ಹೆಸರು ಮಾತ್ರ 'ಮೆಟಲರ್ಜಿಕಲ್ ಲ್ಯಾಬೊರೇಟರಿ', ಲೋಹಶಾಸ್ತ್ರ ಪ್ರಯೋಗಾಲಯ ಎಂದು. ಅವರಿಗೆ ನ್ಯೂಟ್ರಾನುಗಳನ್ನು ಎಣಿಸುವ ಉಪಕರಣ ಮಾಡಿಕೊಡುವವರು ಬೇಕಿತ್ತು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಹಾಗಾಗಿ ನೇರವಾಗಿ ಹಿಡಿಯಲಾಗದು. ಬೋರಾನ್ ಟ್ರೈಫ್ಲೋರೈಡ್ ಎಂಬ ಅನಿಲ ತುಂಬಿದ ಕೊಳವೆಯೊಳಗೆ ಅದು ನುಗ್ಗಿದರೆ ಬೋರಾನಿನ ಪರಮಾಣು ಅದನ್ನು ನುಂಗಿ ಒಡೆಯುತ್ತದೆ. ಆ ಚೂರುಗಳು ಒಂದು ಪುಟ್ಟ ವಿದ್ಯುತ್ ಮಿಡಿತವನ್ನು ಹುಟ್ಟಿಸುತ್ತವೆ. 'ಟಿಕ್' ಎಂದರೆ ಒಂದು ನ್ಯೂಟ್ರಾನು ಬಂತೆಂದು ಲೆಕ್ಕ. ಕೊಳವೆಯಲ್ಲಿ ಗಾಳಿ ಉಳಿದಿದ್ದರೆ ಲೆಕ್ಕವೆಲ್ಲ ಕೆಟ್ಟಿತು. ಹರ್ಬರ್ಟ್ ಆಂಡರ್ಸನ್ ಎಂಬ ಯುವ ವಿಜ್ಞಾನಿ ಲಿಯೋನಾಳ ಕೆಲಸ ಕಂಡು ತಂಡಕ್ಕೆ ಕರೆದರು. ಅವಳಿಗಿನ್ನೂ ಡಾಕ್ಟರೇಟ್ ಆಗಿರಲಿಲ್ಲ. ಪ್ರಬಂಧ ಮುಗಿದದ್ದು 1943ರಲ್ಲಿ. ವಿದ್ಯಾರ್ಥಿನಿಯಾಗಿಯೇ ಒಳಗೆ ಬಂದಳು.

ಫುಟ್ಬಾಲ್ ಮೈದಾನದ ಪಶ್ಚಿಮದ ಕಟ್ಟೆಗಳ ಕೆಳಗೆ ಒಂದು ಸ್ಕ್ವಾಷ್ ಅಂಗಳವಿತ್ತು. ಊರ ಹೊರಗಿನ ಆರ್ಗಾನ್ ಕಾಡಿನಲ್ಲಿ ಕಟ್ಟಬೇಕೆಂದಿದ್ದ ಕಟ್ಟಡ ಕೂಲಿಕಾರರ ಮುಷ್ಕರದಿಂದ ತಡವಾಯಿತೆಂದು ಈ ಅಂಗಳದಲ್ಲೇ ಪ್ರಯೋಗ ನಡೆಸಲು ನಿರ್ಧರಿಸಿದರು. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ಊರಿನ ನಡುವೆ! ವಿಶ್ವವಿದ್ಯಾನಿಲಯದ ಅಧ್ಯಕ್ಷರಿಗೂ ಹೇಳಲಿಲ್ಲ. ನವೆಂಬರ್ 16ರಿಂದ ಹಗಲು ರಾತ್ರಿ ಎರಡು ಪಾಳಿಯಲ್ಲಿ ಗ್ರಾಫೈಟಿನ ಇಟ್ಟಿಗೆಗಳನ್ನು ಪೇರಿಸಿದರು. ಸುಮಾರು 45,000 ಇಟ್ಟಿಗೆ, 350 ಟನ್ ಗ್ರಾಫೈಟು. ಅದರ ತೂತುಗಳಲ್ಲಿ ಯುರೇನಿಯಂ ಉಂಡೆಗಳು. ಕಪ್ಪು ಪುಡಿಗೆ ನೆಲವೆಲ್ಲ ಜಾರುತ್ತಿತ್ತು, ಮುಖವೆಲ್ಲ ಕಪ್ಪು. ಆ ರಾಶಿ ಬೆಳೆದಂತೆಲ್ಲ ಒಳಗಿನ ನ್ಯೂಟ್ರಾನಿನ ಎಣಿಕೆ ಹೇಗೆ ಏರುತ್ತಿದೆ ಎಂದು ಹೇಳುತ್ತಿದ್ದವು ಲಿಯೋನಾಳ ಕೊಳವೆಗಳು.

ಸರಪಳಿ ಕ್ರಿಯೆಯನ್ನು ತರಗತಿಯಲ್ಲಿ ನಾನು ಹೀಗೆ ವಿವರಿಸುತ್ತಿದ್ದೆ. ಒಂದು ಸುದ್ದಿ ಒಬ್ಬಳ ಬಾಯಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಹೋಗುತ್ತದೆ. ಯುರೇನಿಯಂ ಪರಮಾಣು ಒಂದು ಒಡೆದರೆ ಎರಡು ಮೂರು ನ್ಯೂಟ್ರಾನು ಹೊರಬಂದು ಉಳಿದವನ್ನು ಒಡೆಯುವುದು ಹಾಗೆ. ಓಡುತ್ತ ಹೋಗುವವಳು ಸುದ್ದಿ ಹೇಳಲಾರಳು, ನಿಧಾನವಾಗಿ ನಡೆಯಬೇಕು. ಆ ನಿಧಾನ ಕೊಡುವುದು ಗ್ರಾಫೈಟು. ಕೇಳಿದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಯಾರಿಗೂ ಹೇಳದ ಗಂಭೀರ ಹೆಂಗಸು ಒಬ್ಬಳಿದ್ದರೆ ಸುದ್ದಿ ಅಲ್ಲಿಗೇ ನಿಂತಿತು, ಅವಳೇ ಕ್ಯಾಡ್ಮಿಯಂ. ಹುಡುಗಿಯರು ನಗುತ್ತಿದ್ದರು. ಪರೀಕ್ಷೆಯಲ್ಲಿ ಒಬ್ಬಳು 'ಗಂಭೀರ ಹೆಂಗಸು' ಎಂದೇ ಬರೆದುಬಿಟ್ಟಿದ್ದಳು!

ಡಿಸೆಂಬರ್ 1ರ ರಾತ್ರಿ ಐವತ್ತೇಳನೆಯ ವರಸೆ ಮುಗಿಯಿತು. ಕ್ಯಾಡ್ಮಿಯಂ ಹಾಳೆ ಹೊಡೆದ ಕೋಲುಗಳನ್ನು ಎಳೆದರೆ ಸಾಕು, ಕ್ರಿಯೆ ತಾನಾಗಿಯೇ ನಡೆಯುತ್ತದೆಂದು ಆಂಡರ್ಸನ್‌ಗೆ ಗೊತ್ತಿತ್ತು. ಎಳೆಯಲಿಲ್ಲ; ಬೀಗ ಹಾಕಿ ಫರ್ಮಿಗಾಗಿ ಕಾದರು. ಮರುದಿನ ಕೊರೆಯುವ ಚಳಿ. ಲಿಯೋನಾ ತನ್ನ ಅಕ್ಕತಂಗಿಯರಲ್ಲಿ ಒಬ್ಬಳೊಂದಿಗೆ ಹತ್ತಿರದಲ್ಲೇ ಮನೆ ಮಾಡಿದ್ದಳು. ಫರ್ಮಿ, ಆಂಡರ್ಸನ್ ಇಬ್ಬರನ್ನೂ ಕರೆದುಕೊಂಡು ಹಿಮ ತುಳಿಯುತ್ತ ಮನೆಗೆ ಹೋಗಿ ಅವಸರದಲ್ಲಿ ಪ್ಯಾನ್‌ಕೇಕ್, ಎಂದರೆ ನಮ್ಮ ಮೈದಾ ಸಿಹಿದೋಸೆಯಂಥದ್ದು, ಹುಯ್ದು ಕೊಟ್ಟಳು. ಹಿಟ್ಟು ಕಲೆಸಲು ಪುರುಸೊತ್ತೆಲ್ಲಿ? ಅಲ್ಲಲ್ಲಿ ಒಣ ಹಿಟ್ಟಿನ ಗಂಟು ಉಳಿದು ಬೆಂದು ಗರಿಗರಿಯಾಗಿತ್ತು. ಅದೇನೋ ಬೀಜದ ಚೂರು ಹಾಕಿದ್ದಾಳೆಂದು ಆಂಡರ್ಸನ್ ತಿಳಿದರಂತೆ. ಮುಂದೆ ಅವಳು 1979ರಲ್ಲಿ ಬರೆದ 'ದಿ ಯುರೇನಿಯಂ ಪೀಪಲ್' ಎಂಬ ಪುಸ್ತಕದಲ್ಲಿ ಇದನ್ನು ನೆನೆಸಿಕೊಂಡಿದ್ದಾಳೆ. ನನಗೆ ಈ ದೋಸೆಯ ಕಥೆ ಕೇಳಿ ನಗು ಬಂತು, ಸ್ವಲ್ಪ ಕಸಿವಿಸಿಯೂ ಆಯಿತು. ಮೂವರೂ ರಾತ್ರಿ ಹಗಲು ದುಡಿದವರು, ಹಿಟ್ಟು ಕಲೆಸಿದವಳು ಮಾತ್ರ ಅವಳು. ಮನೆ ಅವಳದಾಗಿತ್ತು ಅನ್ನಿ.

ಪ್ರಯೋಗದ ಹೊತ್ತಿಗೆ ನಲವತ್ತೊಂಬತ್ತು ಜನ ಅಲ್ಲಿದ್ದರು. ತಂಡದಲ್ಲಿ ಹೆಣ್ಣು ಇವಳೊಬ್ಬಳೇ. ಕೋಲನ್ನು ಅಂಗುಲ ಅಂಗುಲವಾಗಿ ಎಳೆಸುತ್ತ ಫರ್ಮಿ ಪ್ರತಿಸಲವೂ ಸ್ಲೈಡ್ ರೂಲಿನಲ್ಲಿ ಲೆಕ್ಕ ಹಾಕುತ್ತಿದ್ದರು. ಲಿಯೋನಾ ತನ್ನ ಕೊಳವೆಗಳ ಎಣಿಕೆ ಬರೆದುಕೊಳ್ಳುತ್ತಿದ್ದಳು. ಒಮ್ಮೆ ರಕ್ಷಣೆಯ ಕೋಲು ತಾನಾಗಿಯೇ ದಢಾರನೆ ಒಳಗೆ ಬಿತ್ತು, ಎಲ್ಲರೂ ಬೆಚ್ಚಿದರು. ಫರ್ಮಿ ಮಾತ್ರ ಹಸಿವಾಗುತ್ತಿದೆ, ಊಟಕ್ಕೆ ಹೋಗೋಣ ಎಂದರಂತೆ. ಮಧ್ಯಾಹ್ನ ಮತ್ತೆ ಶುರು. ಟಿಕ್ ಟಿಕ್ ಎಂಬುದು ಟಿಕಟಿಕಟಿಕ ಆಗಿ, ಕೊನೆಗೆ ಎಣಿಸಲಾಗದ ಮೊರೆತವಾಯಿತು. ಆಗ ಲಿಯೋನಾ ಫರ್ಮಿಯ ಬಳಿ ಹೋಗಿ, ನಾವು ಹೆದರಿಕೊಳ್ಳಬೇಕಾದದ್ದು ಯಾವಾಗ ಎಂದು ಮೆಲ್ಲಗೆ ಕೇಳಿದಳಂತೆ. ಎಷ್ಟು ಸಹಜವಾದ ಪ್ರಶ್ನೆ! ನಲವತ್ತೆಂಟು ಗಂಡಸರ ಮನಸ್ಸಿನಲ್ಲಿಯೂ ಅದೇ ಇದ್ದಿರಬೇಕು.

ಹೆದರುವಂಥದ್ದೇನೂ ಆಗಲಿಲ್ಲ. ಮಧ್ಯಾಹ್ನ ಮೂರೂವರೆಯ ಆಸುಪಾಸಿನಲ್ಲಿ ಕ್ರಿಯೆ ತನ್ನಷ್ಟಕ್ಕೆ ನಡೆಯತೊಡಗಿತು. ಹುಟ್ಟಿದ ಶಕ್ತಿ ಅರ್ಧ ವ್ಯಾಟು, ಟಾರ್ಚಿನ ಬಲ್ಬಿಗೂ ಸಾಲದಷ್ಟು. ವಿಗ್ನರ್ ಎಂಬ ವಿಜ್ಞಾನಿ ಒಂದು ಸೀಸೆ ಇಟಲಿಯ ದ್ರಾಕ್ಷಾರಸ ತೆಗೆದರು. ಕಾಗದದ ಲೋಟಗಳಲ್ಲಿ ಎಲ್ಲರೂ ಮಾತಿಲ್ಲದೆ ಗುಟುಕರಿಸಿದರು.

ಅದೇ ಸಂಜೆ ಫರ್ಮಿಯವರ ಮನೆಯಲ್ಲಿ ಔತಣ. ಈ ಭಾಗವನ್ನು ಬರೆದದ್ದು ಫರ್ಮಿಯ ಹೆಂಡತಿ ಲಾರಾ, 1954ರ ತಮ್ಮ ಪುಸ್ತಕದಲ್ಲಿ. ಬಾಗಿಲು ತೆರೆದಾಗಲೆಲ್ಲ ಬಂದವರು ಅವರ ಗಂಡನ ಕೈ ಕುಲುಕಿ ಅಭಿನಂದಿಸುವವರೇ. ಯಾತಕ್ಕೆಂದು ಯಾರೂ ಹೇಳರು. ಕೊನೆಗೆ ಲಾರಾ, ಇದ್ದುದರಲ್ಲಿ ಹೆಣ್ಣೆಂದು ಲಿಯೋನಾಳನ್ನು ಹಿಡಿದು ಕೇಳಿದರು. ನಿಮ್ಮವರು ಜಪಾನಿನ ನೌಕಾಧಿಪತಿಯೊಬ್ಬನನ್ನು ಮುಳುಗಿಸಿದ್ದಾರೆ ಎಂದು ಅವಳು ಹಾರಿಸಿಬಿಟ್ಟಳು! ಲಾರಾಗೆ ನಿಜ ತಿಳಿದದ್ದು 1945ರ ಆಗಸ್ಟಿನಲ್ಲಿ, ಬಾಂಬು ಬಿದ್ದ ಮೇಲೆ.

ಒಂದೇ ಮನೆ, ಒಂದೇ ಸಂಜೆ, ಇಬ್ಬರು ಹೆಂಗಸರು. ಒಬ್ಬಳಿಗೆ ಗೊತ್ತು, ಹೇಳುವಂತಿಲ್ಲ. ಇನ್ನೊಬ್ಬಳು ಆತನ ಜೊತೆ ಸಂಸಾರ ಮಾಡುತ್ತಾಳೆ, ಏನೂ ಗೊತ್ತಿಲ್ಲ. ನಾನು ಎಷ್ಟೋ ಸಲ ನನ್ನನ್ನು ಲಾರಾಳ ಜಾಗದಲ್ಲಿಟ್ಟು ನೋಡಿದ್ದೇನೆ. ತಿಂಡಿಯ ತಟ್ಟೆ ಹಿಡಿದು ಗಂಡಸರ ಮುಖದಿಂದ ಮುಖಕ್ಕೆ ನೋಡುತ್ತಾ ನಿಂತವಳು. ಅದು ನನಗೆ ಚೆನ್ನಾಗಿ ಗೊತ್ತಿರುವ ಜಾಗ.

1943ರ ಜುಲೈಯಲ್ಲಿ ಲಿಯೋನಾ ತಂಡದಲ್ಲೇ ಇದ್ದ ಜಾನ್ ಮಾರ್ಷಲ್ ಎಂಬ ವಿಜ್ಞಾನಿಯನ್ನು ಮದುವೆಯಾದಳು. ಬೇಗನೆ ಬಸಿರು. ಆ ಹೊತ್ತಿಗೆ ರಿಯಾಕ್ಟರನ್ನು ಬಿಚ್ಚಿ ಆರ್ಗಾನ್ ಕಾಡಿಗೆ ಸಾಗಿಸಿ ಮತ್ತೆ ಕಟ್ಟಿದ್ದರು. ಫರ್ಮಿಗೆ ಹೇಳಿದಳು. ಅಲ್ಲಿಯ ಮುಖ್ಯಸ್ಥ ವಾಲ್ಟರ್ ಜಿನ್‌ಗೆ ತಿಳಿದರೆ ರಿಯಾಕ್ಟರಿನ ಹತ್ತಿರಕ್ಕೆ ಬಿಡಲಿಕ್ಕಿಲ್ಲವೆಂದು ಇಬ್ಬರೂ ಸುಮ್ಮನಿದ್ದರು. ದಪ್ಪ ಬಟ್ಟೆಯ ದೊಗಳೆ ಕೆಲಸದುಡುಪಿನೊಳಗೆ ಹೊಟ್ಟೆ ಅಡಗಿತು. ದಿನಾ ಬೆಳಗ್ಗೆ ಬಸ್ಸಿಳಿದು, ವಾಂತಿ ಮಾಡಿಕೊಂಡು, ಬಾಯಿ ತೊಳೆದು ಕೆಲಸ ಶುರುಮಾಡುತ್ತಿದ್ದಳು. 1944ರಲ್ಲಿ ಗಂಡು ಮಗು ಹುಟ್ಟಿತು. ಒಂದು ವಾರದೊಳಗೆ ಕೆಲಸಕ್ಕೆ ಬಂದಳು.

ಇದನ್ನು ಮೊಮ್ಮಗಳು ಹೆಮ್ಮೆಯಿಂದ ಹೇಳಿದಳು. ನನಗೆ ಹೆಮ್ಮೆಯೆನಿಸಲಿಲ್ಲ. ನನ್ನಮ್ಮ ನನಗೆ ಮಾಡಿದ ಬಾಣಂತನ ನೆನಪಾಯಿತು. ಬಿಸಿನೀರು, ಎಣ್ಣೆ, ಕತ್ತಲೆ ಕೋಣೆ, ಕಿವಿಗೆ ಹತ್ತಿ, ಮೂರು ತಿಂಗಳು. ಆ ಕೋಣೆಯಲ್ಲಿ ನಾನು ಉಸಿರುಕಟ್ಟಿ ಒದ್ದಾಡಿದ್ದೂ ಹೌದು. ಆದರೂ ಒಂದು ವಾರವೆಂದರೆ! ಮೈ ಇನ್ನೂ ಹಸಿಯಾಗಿರುವಾಗ, ಎದೆಹಾಲು ಕಟ್ಟಿಕೊಂಡಿರುವಾಗ ಆ ಯಂತ್ರದ ಮುಂದೆ ಹೇಗೆ ನಿಂತಳೋ. ಶೌರ್ಯವೆಂದು ಇದನ್ನು ಹೊಗಳಲು ನನ್ನ ಮನಸ್ಸು ಒಪ್ಪದು. ಎಲ್ಲಿ ಜಾಗ ಹೋಗಿಬಿಡುತ್ತದೋ ಎಂಬ ಭಯ ಅದರಲ್ಲಿ ಎಷ್ಟಿತ್ತೋ ಯಾರು ಬಲ್ಲರು?

ಮುಂದಿನದು ಹ್ಯಾನ್‌ಫರ್ಡ್. ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯ ದಡದಲ್ಲಿ ಪ್ಲುಟೋನಿಯಂ ತಯಾರಿಸುವ ಬೃಹತ್ ರಿಯಾಕ್ಟರು. 1944ರ ಸೆಪ್ಟೆಂಬರಿನಲ್ಲಿ ಅದು ಹೊತ್ತಿಕೊಂಡ ಕೆಲವು ಗಂಟೆಗಳಲ್ಲೇ ಆರಿಹೋಯಿತು. ಒಳಗೆ ಹುಟ್ಟಿದ ಕ್ಸೆನಾನ್ ಅನಿಲ ನ್ಯೂಟ್ರಾನುಗಳನ್ನು ನುಂಗುತ್ತಿದೆ ಎಂಬುದನ್ನು ಪತ್ತೆಹಚ್ಚುವ ಲೆಕ್ಕಾಚಾರದಲ್ಲಿ ಲಿಯೋನಾಳೂ ಇದ್ದಳು. ಅಲ್ಲಿ ತಯಾರಾದ ಪ್ಲುಟೋನಿಯಂ ನಾಗಾಸಾಕಿಯ ಮೇಲೆ ಬಿದ್ದದ್ದು 1945ರ ಆಗಸ್ಟ್ 9ರಂದು. ಅವಳ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನ.

ಅವಳು ಕೊನೆಯವರೆಗೂ ಪಶ್ಚಾತ್ತಾಪ ಪಡಲಿಲ್ಲ. ತಮ್ಮನ್ನು, ಭಾವನನ್ನು ಯುದ್ಧಕ್ಕೆ ಕಳಿಸಿದ ಮನೆಯವಳು, ಯುದ್ಧ ಮುಗಿಯಿತಲ್ಲ ಎಂದೇ ಹೇಳುತ್ತಿದ್ದಳು. ನಾನು ಆ ಶಿಲ್ಪದ ಮುಂದೆ ನಿಂತು ಇದನ್ನು ಕೇಳಿದಾಗ ಅವಳ ಮೇಲೆ ಹುಟ್ಟಿದ್ದ ಅಕ್ಕರೆ ಸ್ವಲ್ಪ ಹಿಂದೆ ಸರಿಯಿತು. ಪೂರ್ತಿ ಹೋಗಲಿಲ್ಲ. ಹೆಣ್ಣೊಬ್ಬಳು ಅಂಥ ಕೋಣೆಯನ್ನು ಹೊಕ್ಕಳೆಂದು ಸಂತೋಷಪಟ್ಟವರು, ಆ ಕೋಣೆಯಿಂದ ಹೊರಟದ್ದನ್ನು ನೋಡದೆ ಮುಖ ತಿರುಗಿಸುವುದು ಹೇಗೆ?

ಆಮೇಲೆ ಅವಳು ಪ್ರಾಧ್ಯಾಪಕಿಯಾದಳು, ಕಣಗಳ ಭೌತಶಾಸ್ತ್ರದಲ್ಲಿ ದುಡಿದಳು. 1966ರಲ್ಲಿ ವಿಚ್ಛೇದನ, ಅದೇ ವರ್ಷ ಇಂಗಾಲದಿಂದ ಹಳೆಯ ವಸ್ತುಗಳ ವಯಸ್ಸು ಅಳೆಯುವ ವಿಧಾನ ಕಂಡುಹಿಡಿದ ವಿಲರ್ಡ್ ಲಿಬ್ಬಿಯವರೊಂದಿಗೆ ಮರುಮದುವೆ. ಕೊನೆಯ ವರ್ಷಗಳಲ್ಲಿ ಮರದ ಉಂಗುರಗಳಲ್ಲಿ ಅಡಗಿರುವ ಹಳೆಯ ಕಾಲದ ಹವಾಮಾನವನ್ನು ಓದುವುದು ಅವಳ ಕೆಲಸವಾಗಿತ್ತು. ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. 1986ರಲ್ಲಿ ತೀರಿಕೊಂಡಳು. ಹಸಿದು ಅಲ್ಲ.

ನಾನು ಊರಿಗೆ ಹೊರಡುವ ವಾರ ಮೊಮ್ಮಗಳು ಪ್ರಯೋಗಾಲಯದ ತರಬೇತಿ ಮುಗಿಸಿ ಮನೆಗೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಕುಳಿತಳು. ವಿಕಿರಣದ ಕೆಲಸ ಮಾಡುವವರಿಗೆ ವರ್ಷಕ್ಕೆ 50 ಮಿಲಿಸೀವರ್ಟ್ ಮಿತಿ, ಎದೆಗೆ ಸಿಕ್ಕಿಸಿಕೊಳ್ಳುವ ಅಳತೆಯ ಬ್ಯಾಡ್ಜು, ಕೈ ತೊಳೆಯುವ ಕ್ರಮ. ನಾನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದೆ. ಒಂದು ಹಾಳೆ ಬಸುರಿಯರದು. ಬಯಸಿದರೆ ತಾನು ಗರ್ಭಿಣಿಯೆಂದು ಬರೆದುಕೊಡಬಹುದು. ಬರೆದುಕೊಟ್ಟರೆ ಮಗುವಿಗೆ ತಾಗುವ ವಿಕಿರಣ ಇಡೀ ಬಸಿರಿನಲ್ಲಿ 5 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳಬೇಕು. ಬರೆದುಕೊಡಲೇಬೇಕೆಂಬ ಬಲವಂತವಿಲ್ಲ, ಅದು ಅವಳ ಇಷ್ಟ.

"ಅಮ್ಮಾ, ನೋಡಿಲ್ಲಿ" ಎಂದು ಸೊಸೆಯನ್ನು ಕರೆದು ಆ ಹಾಳೆಯನ್ನು ಕೈಗಿತ್ತೆ. ಅವಳು ನಿಂತಲ್ಲೇ ಎರಡು ಸಲ ಓದಿದಳು.

"ಅಜ್ಜಿ, ಅದು ಎಲ್ಲರಿಗೂ ಕೊಡ್ತಾರೆ. ನನಗೀಗ ಅದು ಬೇಡ" ಎಂದು ಮೊಮ್ಮಗಳು ನಾಚಿ ನಕ್ಕು ಹಾಳೆಯನ್ನು ಕಿತ್ತುಕೊಂಡಳು. "ನೀನು ಇದನ್ನ ಹೇಳು. ಈ ನ್ಯೂಟ್ರಾನ್ ಕೌಂಟರ್‌ನಲ್ಲಿ ಬೋರಾನೇ ಯಾಕೆ?"

ನಾನು ಕುರ್ಚಿ ಎಳೆದುಕೊಂಡು ಕುಳಿತೆ.